ಏಳನೇ ಕಂಬ ಕೆಡವುವವರಿಗೆ

ಡೋಣಿ ಹೊಳೆ ಎರಡನೇ ಸಲ ದಾರಿ ಬದಲಿಸಿದ ಮೇಲಿನ ತೊಂಬತ್ತನಾಲ್ಕನೇ ವರ್ಷ, ಹೆಸರಿಲ್ಲದ ದಿನಗಳಲ್ಲಿ ಮೂವತ್ತಾರನೆಯದು.

ಕೆಡವಲು ಬಂದವರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಹುಟ್ಟಲು ಇನ್ನೂ ಎಂಬತ್ತೋ ನೂರೋ ವರ್ಷ ಬೇಕು. ಮೇಲಿನ ತಾರೀಖು ನಿಮಗೆ ಹುಚ್ಚರ ತಾರೀಖಿನ ಹಾಗೆ ಕಾಣಬಹುದು, ಕೆಳಗಿನ ಮಾತುಗಳಲ್ಲಿ ಅರ್ಧ ನಿಮ್ಮ ಬಾಯಲ್ಲಿ ಉಳಿದಿರಲಿಕ್ಕಿಲ್ಲ. ಕ್ಷಮಿಸಿ. ನನ್ನ ಅಜ್ಜಿಯ ಅಜ್ಜಿಯ ಕಾಲದ ಕಾಗದಗಳನ್ನು ಓದುವಾಗ ನಾನೂ ಹೀಗೇ ಒದ್ದಾಡಿದ್ದೇನೆ. 'ಟೆಂಡರ್' ಅಂದರೆ ಏನೋ ತಿನ್ನುವ ಪದಾರ್ಥ ಅಂದುಕೊಂಡಿದ್ದೆ, ಯಾಕೆಂದರೆ ಯಾರು ತಿಂದರು, ಎಷ್ಟು ತಿಂದರು ಎಂಬ ಮಾತು ಅದರ ಪಕ್ಕದಲ್ಲೇ ಬರುತ್ತಿತ್ತು. ನಾನು ಭೌರಮ್ಮ ಮುದನೂರ. ವಯಸ್ಸು ಐವತ್ತೊಂಬತ್ತು. ನೀವು ಈಗ ಯಾವ ಸೇತುವೆಯ ಕೆಳಗೆ ನಿಂತಿದ್ದೀರೋ ಅದರ ದಿನಗಾರ್ತಿ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಸೇತುವೆಯಾಗಲಿ, ಸಾಲಿಯಾಗಲಿ, ನೀರಿನ ಗೋಪುರವಾಗಲಿ, ಕಟ್ಟಿ ಮುಗಿಸಿದ ವರ್ಷದ ಕೊನೆಯ ದಿನ ಅದರ ಹೊಟ್ಟೆಯೊಳಗೆ ಒಂದು ಕಾಗದ ಇಟ್ಟು ಮುಚ್ಚುತ್ತೇವೆ. ಅದಕ್ಕೆ ಒಡಲಪತ್ರ ಅನ್ನುತ್ತೇವೆ. ಹೊರಗೆ ಕಾಣದ್ದು ಒಳಗೆ ಏನಿದೆ, ಎಲ್ಲಿ ತಪ್ಪಿದೆವು, ಎಲ್ಲಿ ಹೊಡೆದರೆ ಮೊದಲು ಬೀಳುತ್ತದೆ, ಇಷ್ಟನ್ನು ಕೆಡವುವವರಿಗೆ ಹೇಳುವುದು ಕಟ್ಟಿದವರ ಧರ್ಮ. ಹಳೆಯ ಕಾಲದವರು ಹೀಗೆ ಮಾಡಲಿಲ್ಲ. ಅವರು ಕಟ್ಟಿದ್ದನ್ನು ಒಡೆಯುವಾಗ ನಮ್ಮ ಹಿರಿಯರಿಗೆ ಕಂಬದೊಳಗೆ ಗೋಣಿಚೀಲ ಸಿಕ್ಕವು, ಹಸಿ ಮಣ್ಣು ಸಿಕ್ಕಿತು, ಒಂದು ಕಡೆ ಒಂಟಿ ಚಪ್ಪಲಿ ಸಿಕ್ಕಿತು. ಒಡೆಯಲು ಹೋದವರ ಮೇಲೇ ಕಟ್ಟಡ ಬಿದ್ದು ಎಷ್ಟು ಮಂದಿ ಸತ್ತರು ಎಂಬುದಕ್ಕೆ ಲೆಕ್ಕವಿಲ್ಲ. ಆ ಸಾವುಗಳಿಂದ ಹುಟ್ಟಿದ ಪದ್ಧತಿ ಇದು. ಕಟ್ಟೆಯವರು, ಅಂದರೆ ಎರಡೂ ದಂಡೆಯ ಪಂಚರು, ಒಡಲಪತ್ರಕ್ಕೆ ಒಂದು ನಮೂನೆ ಕೊಟ್ಟಿದ್ದಾರೆ. ಅದನ್ನೂ ತುಂಬಿ ಇದರ ಜೊತೆಗೇ ಇಟ್ಟಿದ್ದೇನೆ. ಅದರಲ್ಲಿ ಎಲ್ಲ ಸರಿ ಇದೆ. ಸರಿಯಿಲ್ಲದ್ದು ಇದರಲ್ಲಿದೆ.

ದಿನಗಾರ್ತಿ ಅಂದರೆ ಕೆಲಸದ ದಿನಗಳನ್ನು ಕಾಯುವವಳು. ಕಲ್ಲು ಎತ್ತುವುದಿಲ್ಲ, ಗಾರೆ ಕಲಸುವುದಿಲ್ಲ. ಯಾವ ಕೆಲಸ ಯಾವ ದಿನ, ಯಾವುದು ಮುಗಿಯದೆ ಯಾವುದಕ್ಕೆ ಕೈ ಹಚ್ಚಬಾರದು, ಇದನ್ನು ಬರೆದು ದಿನಾ ನಸುಕಿನಲ್ಲಿ ದಿನಹಲಗೆಗೆ ಏರಿಸುವುದು ನನ್ನ ಕೆಲಸ. ಹಲಗೆಯ ಮೇಲೆ ನಾನು ಬರೆಯದೆ ಇಲ್ಲಿ ಒಂದು ಬುಟ್ಟಿ ಉಸುಕೂ ಅಲುಗುವುದಿಲ್ಲ. ಮಳೆ ಯಾವಾಗ ಬಂದೀತು, ಹೊಳೆ ಯಾವಾಗ ಏರೀತು ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲವಾದ್ದರಿಂದ, ಹನ್ನೆರಡು ತಿಂಗಳಿಂದಲೂ ಮೂರ್ಮೂರು ದಿನ ಕತ್ತರಿಸಿ ಮೂವತ್ತಾರು ದಿನ ಬೇರೆ ಇಟ್ಟಿದ್ದೇವೆ. ಅವಕ್ಕೆ ಹೆಸರಿಲ್ಲ, ವಾರವಿಲ್ಲ. ಹೊಳೆ ಬಂದರೆ, ಜಡ್ಡು ಬಂದರೆ, ಸಾಮಾನು ತಡವಾದರೆ ಅವನ್ನು ತೆಗೆದು ನಡುವೆ ತುರುಕುತ್ತೇವೆ. ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ದಿನಗಳು ಅವು. ಯಾರದೋ ಅವಸರಕ್ಕೆ, ಯಾರದೋ ಮೆರವಣಿಗೆಗೆ ಅವನ್ನು ಕೊಡಬಾರದೆಂದು ನಾವು ಈ ಕೆಲಸಕ್ಕೆ ಸೇರುವಾಗ ಹೊಳೆಯಲ್ಲಿ ನಿಂತು ಆಣೆ ಮಾಡುತ್ತೇವೆ.

ಇನ್ನು ನಮ್ಮ ದಿನಚರಿ. ಬೆಳಿಗ್ಗೆ ಹತ್ತಕ್ಕೆ ಕೊಂಬು ಊದುತ್ತಾರೆ, ಕೆಂಡಹೊತ್ತು ಶುರು. ಸಂಜೆ ಐದರವರೆಗೆ ಬಯಲಿಗೆ ಬಂದವರು ಬದುಕುವುದಿಲ್ಲ, ಅಷ್ಟು ಬಿಸಿಲು. ಹಾಗಾಗಿ ನಸುಕಿನಿಂದ ಹತ್ತರವರೆಗೆ ಕೆಲಸ, ಆಮೇಲೆ ನೆಲದಡಿಯ ಕೋಣೆಗಳಲ್ಲಿ ರೊಟ್ಟಿ, ನಿದ್ದೆ, ಜಗಳ. ಜೋಳದ ರೊಟ್ಟಿ ಇನ್ನೂ ಇದೆ, ಅಷ್ಟಕ್ಕೆ ಸಮಾಧಾನ ಮಾಡಿಕೊಳ್ಳಿ. ಸಿಮೆಂಟು ಎಂಬುದು ಇಲ್ಲ. ಹಳೆಯ ವಿದ್ಯುತ್ ಸ್ಥಾವರಗಳು ಬಿಟ್ಟುಹೋದ ಬೂದಿಯ ಗುಡ್ಡಗಳಿವೆ, ಆ ಬೂದಿಯನ್ನು ಸುಣ್ಣದ ಜೊತೆ ಭಟ್ಟಿಯಲ್ಲಿ ಸುಟ್ಟು ಬೂದಿಗಾರೆ ಮಾಡುತ್ತಾರೆ. ಒಂದು ಭಟ್ಟಿಯದು ಕಬ್ಬಿಣದಷ್ಟು ಗಟ್ಟಿಯಾದರೆ ಇನ್ನೊಂದರದು ಬೆರಳಿಗೇ ಉದುರುತ್ತದೆ, ಕಣ್ಣಿಗೆ ಎರಡೂ ಒಂದೇ. ಹಳೆಯ ಕಾಲದಲ್ಲಿ ಕಡಿಮೆ ದರ ಬರೆದವನ ಹತ್ತಿರವೇ ಎಲ್ಲವನ್ನೂ ಕೊಳ್ಳುತ್ತಿದ್ದರಂತೆ. ಅವರು ಕಟ್ಟಿದ್ದಕ್ಕೆ ಏನಾಯಿತೆಂದು ನೋಡಿದ ನಾವು ಮೂರು ಭಟ್ಟಿಗಳಿಂದ ಸಮಪಾಲು ಕೊಳ್ಳುತ್ತೇವೆ. ಹೊಸ ಭಟ್ಟಿಯಿಂದ ಕೊಂಡರೆ ಅದರ ಮಾದರಿ ಮೊದಲು ಪರೀಕ್ಷೆಮನೆಗೆ ಹೋಗಬೇಕು. ಅಲ್ಲಿ ಮೂವತ್ತು ದಿನ ನೀರಲ್ಲಿ ಇಟ್ಟು, ಒತ್ತಿ ನೋಡಿ, ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ಕಂಬ ಇಲ್ಲ.

ಈಗ ನನ್ನ ಸೊಕ್ಕಿನ ಮಾತಿಗೆ ಬರುತ್ತೇನೆ. ಇಪ್ಪತ್ತಾರು ವರ್ಷ ನಾನು ಹೇಳಿದ ದಿನ ಒಂದೂ ತಪ್ಪಿಲ್ಲ. ಹಲಗೆಯ ಮೇಲೆ ಎಳೆದ ಗೀಟು ತಪ್ಪದ ಭೌರಮ್ಮ ಎಂದು ಎರಡೂ ದಂಡೆಯಲ್ಲಿ ಕರೆಯುತ್ತಾರೆ, ಕರೆದಾಗ ಕೇಳಿಸದವಳ ಹಾಗೆ ಮುಖ ಮಾಡಿ ಒಳಗೊಳಗೇ ಹಿಗ್ಗುತ್ತಿದ್ದೆ. ಹೋದ ವರ್ಷದ ಮಳೆಗಾಲದಲ್ಲಿ ಹೊಳೆ ದಾಟುವಾಗ ಹನ್ನೊಂದು ಮಂದಿ ಹೋದರು. ದವಾಖಾನೆ ಬಲದಂಡೆಯಲ್ಲಿ, ಜನ ಹೆಚ್ಚಾಗಿ ಎಡದಂಡೆಯಲ್ಲಿ. ಎಡದಂಡೆಯ ಹೆಂಗಸರು ಪ್ರತಿ ಸಂತೆಯ ದಿನ ಬಂದು ನನ್ನ ಬಾಗಿಲಲ್ಲಿ ಕೂಡುತ್ತಿದ್ದರು, ಯಾವಾಗ ಯವ್ವಾ, ಯಾವಾಗ. ಒಂದು ದಿನ ತಡೆಯಲಾರದೆ ಸಂತೆಯ ನಡುವೆ ನಿಂತು ಕಾರಹುಣ್ಣಿಮೆಗೆ ದಾರಿ ಎಂದುಬಿಟ್ಟೆ. ಆಗಿನ್ನೂ ಆರು ಕಂಬ ಎದ್ದಿದ್ದವು, ಐದು ಬಾಕಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಳು ಎಂದು ನಮ್ಮ ಗೌಂಡಿ ಲಾಳೇಸಾಬ ನನ್ನೆದುರೇ ನಕ್ಕ. ಗಾರೆ ಕೆಲಸದವರಿಗೆ ಮುಖ್ಯಸ್ಥ ಅವನು, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ನೋಡಿ ನಗುವ ಧೈರ್ಯ ಅವನೊಬ್ಬನಿಗೇ ಇತ್ತು.

ಆಮೇಲೆ ಮೂರನೆಯ ಭಟ್ಟಿಗೆ ಹೋಗುವ ದಾರಿ ಕೊಚ್ಚಿಹೋಯಿತು. ಬೂದಿ ಬರಲಿಲ್ಲ. ಕಾದೆವು, ಇಪ್ಪತ್ತೆರಡು ಹೆಸರಿಲ್ಲದ ದಿನ ಅಲ್ಲೇ ಹೋದವು. ಕೊನೆಗೆ ನೀಲವ್ವ ಎಂಬ ಹೆಣ್ಣುಮಗಳು ಹೊಸದಾಗಿ ಹಚ್ಚಿದ್ದ ಭಟ್ಟಿಯಿಂದ ಏಳನೇ ಕಂಬಕ್ಕೆ ಬೇಕಾದಷ್ಟು ಕೊಂಡೆವು. ನನ್ನ ಕೈಯಲ್ಲಿ ಉಳಿದದ್ದು ಹದಿನಾಲ್ಕು ದಿನ. ಪರೀಕ್ಷೆಗೆ ಬೇಕಾದದ್ದು ಮೂವತ್ತು. ಅಂದರೆ ಸೇತುವೆ ತೆರೆಯುವುದು ಕಾರಹುಣ್ಣಿಮೆ ಕಳೆದು ಹದಿನಾರನೇ ದಿನ. ಬೇಸಿಗೆಯಲ್ಲಿ ಡೋಣಿಯಲ್ಲಿ ಮೊಣಕಾಲುದ್ದ ನೀರಿರುವುದಿಲ್ಲ, ಜನ ಸೀರೆ ಎತ್ತಿಕಟ್ಟಿ ನಡೆದೇ ದಾಟುತ್ತಾರೆ. ಆದರೆ ಮಳೆ ಬೇಗ ಬಂದರೆ? ಬರದಿದ್ದರೆ? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹಲಗೆಯ ಮೇಲೆ ಬರೆಯಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಮಳೆಯ ಭಯ ಅರ್ಧ, ಭೌರಮ್ಮನ ಗೀಟು ತಪ್ಪಿತಂತೆ ಎಂಬ ಮಾತಿನ ಭಯ ಅರ್ಧ.

ನಮ್ಮ ಕಡೆ 'ಆತು' ಎಂಬ ಮಾತಿದೆ. ನಿಮ್ಮಲ್ಲಿ ಆಯಿತು, ಆಯ್ತು ಎಂದು ಉಳಿದಿರಬಹುದು. ಊಟ ಆತು ಅಂದರೆ ಉಂಡಾಗಿದೆ. ನಾಳೆ ಬಾ ಅಂದಾಗ ಆತು ಅಂದರೆ ಬರುತ್ತೇನೆ. ಆಗಿಹೋದದ್ದಕ್ಕೂ ಇನ್ನೂ ಆಗಬೇಕಾದದ್ದಕ್ಕೂ ಒಂದೇ ಮಾತು. ಮನೆಯಲ್ಲಿ ಇದರಿಂದ ಹೆಚ್ಚೆಂದರೆ ಗಂಡ ಹೆಂಡಿರ ಜಗಳವಾದೀತು. ಕೆಲಸದ ಜಾಗದಲ್ಲಿ ಪ್ರಾಣ ಹೋಗುತ್ತದೆಂದೇ ದಿನಗಾರರಿಗೆ ಮೊದಲ ದಿನ 'ಮೂರು ಕೇಳು' ಕಲಿಸುತ್ತಾರೆ. ಯಾರಾದರೂ ಆತು ಅಂದರೆ ಬಿಡಬಾರದು. ಮಾಡಿದಿಯೋ? ಮಾಡ್ತಿಯೋ? ನನ್ನ ಬಾಯಿ ಮುಚ್ಚಿಸಲಿಕ್ಕೆ ಅಂದಿಯೋ? ಮೂರಕ್ಕೂ ಉತ್ತರ ಬರುವ ತನಕ ಬಳಪ ಎತ್ತಬಾರದು.

ಕಂಬಕ್ಕೆ ಗಾರೆ ಸುರಿಯುವ ಹಿಂದಿನ ದಿನ ಕೂಗುಪೆಟ್ಟಿಗೆಯಲ್ಲಿ ಲಾಳೇಸಾಬನನ್ನು ಕರೆದೆ. ಕೂಗುಪೆಟ್ಟಿಗೆ ದೂರದವರ ದನಿ ತರುವ ಡಬ್ಬಿ, ಮುಖ ತೋರಿಸುವುದಿಲ್ಲ. "ಲಾಳೇಸಾಬ, ಏಳನೇ ಕಂಬದ ಬೂದಿ ಪರೀಕ್ಷೆ?" ಎಂದೆ. ಅಷ್ಟೇ. ಕಳಿಸಿದೆಯಾ ಎನ್ನಲಿಲ್ಲ, ಕಳಿಸು ಎನ್ನಲಿಲ್ಲ. ಕ್ರಿಯಾಪದವನ್ನು ನಾನೇ ನುಂಗಿದೆ, ಬೇಕೆಂದೇ ನುಂಗಿದೆ. ಅವನು "ಆತ್ರೀ ಅಕ್ಕಾರ" ಎಂದ. ನಾನು ಎರಡನೆಯದನ್ನು ಕೇಳಲಿಲ್ಲ, ಮೂರನೆಯದನ್ನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು, ನನಗೆ ಉತ್ತರ ಬೇಡವಾಗಿತ್ತು. ಮರುದಿನ ನಸುಕಿನಲ್ಲಿ ಹಲಗೆಯ ಮೇಲೆ 'ಪರೀಕ್ಷೆ ಆಗಿದೆ' ಎಂದು ಬರೆದೆ. ಲಾಳೇಸಾಬ ಹಲಗೆ ಓದಿದ. ಭಟ್ಟಿಯ ಬಾಗಿಲಿಂದಲೇ ಮಾದರಿ ಒಯ್ದು ತಿಂಗಳ ಮುಂಚೆಯೇ ಪರೀಕ್ಷೆ ಮಾಡಿಸುವುದೂ ಉಂಟು, ಅಕ್ಕಾರು ಹಾಗೆ ಮಾಡಿಸಿದ್ದಾರೆ, ನನಗೇ ಗೊತ್ತಿರಲಿಲ್ಲ, ಸುಮ್ಮಸುಮ್ಮನೆ ಬರೆಯುವವರಲ್ಲ ಅವರು ಎಂದುಕೊಂಡನೆಂದು ಆಮೇಲೆ ಅವನೇ ಹೇಳಿದ. ಅವನ ಮಾತು ನಂಬಿದ ಹಾಗೆ ನಾನು ಬರೆದೆ, ನನ್ನ ಬರಹ ನಂಬಿ ಅವನು ಸುರಿದ. ಎರಡು ಗಂಟೆಯಲ್ಲಿ ನೀಲವ್ವನ ಬೂದಿಯೆಲ್ಲ ಏಳನೇ ಕಂಬದೊಳಗೆ ಹೋಯಿತು.

ಕಾರಹುಣ್ಣಿಮೆಯ ದಿನವೇ ಸೇತುವೆ ತೆರೆಯಿತು. ಹೋಳಿಗೆ ಹಂಚಿದರು, ನನ್ನ ಕೊರಳಿಗೆ ಹಾರ ಬಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಹಾಗೆ, ಅಂಬಿಗರ ಯಂಕಪ್ಪನ ದೊಡ್ಡ ನಾವೆಯನ್ನು ಮರುವಾರವೇ ಬಿಚ್ಚಿ ಅದರ ಹಲಗೆಯಲ್ಲಿ ಸಾಲಿಗೆ ಬೆಂಚು ಮಾಡಿದರು. ಯಂಕಪ್ಪನೇ ಖುಷಿಯಿಂದ ಕೊಟ್ಟ. ಅವನ ಹತ್ತಿರ ಉಳಿದದ್ದು ಮೀನಿಗೆ ಹೋಗುವ ಒಂದು ಹಳೆಯ ಹರಿಗೋಲು. ಮಳೆ ಬಂದದ್ದು ಹುಣ್ಣಿಮೆಯಾಗಿ ಇಪ್ಪತ್ತಾರನೇ ದಿನ. ಹದಿನಾರು ದಿನ ತಡ ಮಾಡಿದ್ದರೂ ಇನ್ನೂ ಹತ್ತು ದಿನ ಕೈಯಲ್ಲಿರುತ್ತಿತ್ತು. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ ದೇವರಿಗೇ ಗೊತ್ತು.

ಮಳೆ ಹಿಡಿದ ಮೇಲೆ ಲಾಳೇಸಾಬ ತನ್ನ ಕಾಗದಗಳನ್ನು ಹೊಂದಿಸಲು ಕುಳಿತಾಗ ಏಳನೇ ಕಂಬದ ಚೀಟಿ ಸಿಗಲಿಲ್ಲ. ಪರೀಕ್ಷೆಮನೆಗೆ ಹೋಗಿ ಕೇಳಿದರೆ ಅಂಥ ಮಾದರಿ ಬಂದೇ ಇಲ್ಲ ಎಂದರು. ತೊಯ್ದು ತೊಪ್ಪೆಯಾಗಿ ನನ್ನ ಮನೆಗೆ ಬಂದು ನಿಂತ. "ಅಕ್ಕಾರ, ನಾ ಆತು ಅಂದದ್ದು ಕಳಸ್ತೀನಿ ಅಂತರೀ" ಎಂದ. ತಪ್ಪು ತನ್ನದೆಂದೇ ಅವನು ತಿಳಿದಿದ್ದ. ನನ್ನದು ಎಂದು ನಾನು ಆಗ ಹೇಳಲಿಲ್ಲ. ಮೂರು ದಿನ ಸೇತುವೆಯ ಕೆಳಗೆ ನಿಂತು ಮೇಲೆ ಹೋಗುವವರ ಹೆಜ್ಜೆ ಎಣಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ನಾನೇ ಹೋಗಿ ಎರಡೂ ತುದಿಗೆ ಅಡ್ಡಗೋಲು ಹಾಕಿಸಿದೆ. ಅನುಮಾನ ಬಂದ ಸೇತುವೆಯ ಮೇಲೆ ಕಂಬದ ಚೂರು ಕೊರೆದು ಪರೀಕ್ಷೆ ಮಾಡುವ ತನಕ ಒಂದು ನರಪಿಳ್ಳೆಯೂ ನಡೆಯಬಾರದು, ಅದು ನಿಯಮ. ಎಡದಂಡೆಯವರು ನನ್ನ ಮುಖಕ್ಕೆ ಉಗಿದರು. ಒರೆಸಿಕೊಂಡೆ.

ಲಾಳೇಸಾಬ ತನ್ನವರನ್ನು ಕರೆದುಕೊಂಡು ಎಡದಂಡೆಯಿಂದ ಹರಿಗೋಲಿನಲ್ಲಿ ಹೋಗಿ ಎರಡೇ ದಿನದಲ್ಲಿ ಏಳನೇ ಕಂಬದಿಂದ ಮೊಳದುದ್ದದ ಮೂರು ತುಂಡು ಕೊರೆದು ತೆಗೆದ. ನೀವು ಈ ಕಾಗದ ತೆಗೆದದ್ದು ಅದರಲ್ಲೇ ಒಂದು ತೂತಿನಿಂದ. ತುಂಡುಗಳಿದ್ದದ್ದು ಎಡದಂಡೆಯಲ್ಲಿ, ಪರೀಕ್ಷೆಮನೆ ಬಲದಂಡೆಯಲ್ಲಿ. ಕೂಗುಪೆಟ್ಟಿಗೆಯಲ್ಲಿ ಕೇಳಿದ: "ಅಕ್ಕಾರ, ನಾ ಒಬ್ಬನ ಸೇತುವೆ ಮ್ಯಾಲೆ ಹೊತಗೊಂಡು ಬರ್ತೀನ್ರೀ. ಐದು ನಿಮಿಷದ ಮಾತು. ಬಿದ್ರ ನಾ ಒಬ್ಬನ ಬೀಳ್ತೀನಿ." ನಾನು ಬೇಡ ಎಂದೆ. ಒಂದು ಸಲ ನಿಯಮ ಮುರಿದದ್ದಕ್ಕೆ ಇಷ್ಟಾಗಿದೆ, ಇನ್ನೊಮ್ಮೆ ನನ್ನ ಬಾಯಿಂದ ಹೂಂ ಬರುವುದಿಲ್ಲ ಎಂದೆ. ದೊಡ್ಡ ಮನುಷ್ಯಳ ಹಾಗೆ ಹೇಳಿದೆ. ಹೇಳುವಾಗ ನನಗೆ ಹಗುರೆನಿಸಿತ್ತು, ಅದನ್ನೂ ಬರೆಯಬೇಕು. ಅವನು "ಆತ್ರೀ" ಎಂದು ಹರಿಗೋಲಿನ ಕಡೆ ಹೋದ.

ಮುಂಜಾನೆ ಎಂಟು ಗಂಟೆ. ನಾನು ಈಚೆ ಬಲದಂಡೆಯಲ್ಲಿ ನಿಂತಿದ್ದೆ. ಹರಿಗೋಲಿನಲ್ಲಿ ಯಂಕಪ್ಪ, ಕಂಬದ ಮೂರು ತುಂಡು, ಲಾಳೇಸಾಬ, ಮತ್ತೆ ಆರು ಮಂದಿ. ಅವರಲ್ಲಿ ಹೆರಿಗೆಗೆಂದು ದವಾಖಾನೆಗೆ ಹೊರಟ ಶರಣವ್ವ, ಅವಳ ತಾಯಿ. ನಡುಹೊಳೆಯಲ್ಲಿ ಜಾಲಿಯ ಬೊಡ್ಡೆಯೊಂದು ತೇಲಿಬಂದು ತಾಗಿತು. ಹರಿಗೋಲು ಒಂದು ಸುತ್ತು ತಿರುಗಿ ಮಗುಚಿತು. ಯಂಕಪ್ಪ ಒಬ್ಬನೇ ಈಜಿ ಬಂದ. ಏಳು ಮಂದಿ ಹೋದರು. ಶರಣವ್ವನ ಹೊಟ್ಟೆಯಲ್ಲಿದ್ದದ್ದನ್ನು ಸೇರಿಸಿ ಎಂಟು ಎನ್ನಬೇಕೋ ಏಳೇ ಎನ್ನಬೇಕೋ ಎಂದು ಕಟ್ಟೆಯವರು ಅರ್ಧ ದಿನ ವಾದ ಮಾಡಿದರು. ಯಂಕಪ್ಪ ಇವತ್ತಿಗೂ ನನ್ನ ಜೊತೆ ಮಾತಾಡಿಲ್ಲ.

ಹತ್ತೊಂಬತ್ತು ದಿನ ಕಳೆದು ನೀರಿಳಿದಾಗ ಕೆಸರಿನಲ್ಲಿ ಆ ಮೂರು ತುಂಡು ಸಿಕ್ಕವು, ಲಾಳೇಸಾಬನ ರುಮಾಲಿನಲ್ಲಿ ಸುತ್ತಿದ್ದು ಸುತ್ತಿದ್ದ ಹಾಗೇ. ಪರೀಕ್ಷೆಮನೆಯವರು ಒತ್ತಿದರು. ಬೇಕಾದದ್ದಕ್ಕಿಂತ ಒಂದೂಕಾಲು ಪಟ್ಟು ಗಟ್ಟಿ. ಹನ್ನೊಂದು ಕಂಬಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಓದಿ ನನಗೆ ಅಳು ಬರಲಿಲ್ಲ. ಕಂಬದ ಮೇಲೆ ಸಿಟ್ಟು ಬಂತು. ಬಿರುಕಾದರೂ ಬಿಟ್ಟಿರಬಾರದಿತ್ತೇ ಎಂದು ಅದನ್ನು ಕೈಯಿಂದ ಗುದ್ದಿದೆ, ಬೆರಳು ಮುರಿಯಿತು. ಈ ಕಾಗದದ ಅಕ್ಷರ ಸೊಟ್ಟಗಿರುವುದು ಅದಕ್ಕೇ.

ಕಟ್ಟೆಯವರು ವಿಚಾರಣೆ ಮಾಡಿ ಮಾತಿನದೇ ತಪ್ಪು ಎಂದು ತೀರ್ಪು ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇನ್ನು ಮೇಲೆ ಕೆಲಸದ ಜಾಗದಲ್ಲಿ ಯಾರೂ ಆತು ಅನ್ನಬಾರದು, 'ಮುಗಿದಿದೆ' ಅಥವಾ 'ಒಪ್ಪಿದೆ' ಅನ್ನಬೇಕು. ಭೌರಮ್ಮನದು ಕೇಳುವುದರಲ್ಲಿ ಆದ ಪೊರಪಾಟು, ಶಿಕ್ಷೆ ಇಲ್ಲ. ನಾನು ಎದ್ದು ನಿಂತು ಹೇಳಿದೆ: ಪಾಪ, ಆ ಮಾತು ಏನು ಮಾಡೀತು. ಮುಗಿದಿದ್ದರೆ ಆತ್ರಿ ಎಂದು ಗಿಡ್ಡ, ಒಪ್ಪಿದ್ದರೆ ಆತ್ರೀ ಎಂದು ಉದ್ದ. ಅವನು 'ಆತ್ರೀ' ಎಂದು ಎಳೆದದ್ದು ನನಗೆ ಕೇಳಿಸಿತ್ತು, ಒಂದನೇ ಇಯತ್ತೆಯ ಕೂಸಿಗೂ ದೀರ್ಘ ತಿಳಿಯುತ್ತದೆ, ತಿಳಿದೂ ಬರೆದೆ. ಅವರು ತಲೆ ತಗ್ಗಿಸಿ ಕೇಳಿದರು, ಅಕ್ಕಾರಿಗೆ ಸಂಕಟದಲ್ಲಿ ಬಾಯಿ ತಪ್ಪುತ್ತಿದೆ ಎಂದು ಬರೆದುಕೊಂಡರು. ನನ್ನನ್ನು ಕೆಲಸದಿಂದ ತೆಗೆಯಿರಿ ಎಂದರೆ ಗೀಟು ತಪ್ಪದವರು ಮತ್ತೆಲ್ಲಿ ಸಿಗುತ್ತಾರೆ ಎಂದರು.

ಈಗ ಭಯ ಬೇರೆಯದು. ಹೊಳೆಯ ಕೆಳಗಡೆ ಇನ್ನೊಂದು ಸೇತುವೆಗೆ ಗುರುತು ಹಾಕಿದ್ದಾರೆ. ಪರೀಕ್ಷೆ ಇಲ್ಲದೆಯೂ ಏಳನೇ ಕಂಬ ಗಟ್ಟಿ ಇತ್ತಲ್ಲ, ಸುಮ್ಮನೆ ನಿಯಮ ಹಿಡಿದು ಏಳು ಜೀವ ತೆಗೆದರಲ್ಲ ಎಂದು ಎರಡೂ ದಂಡೆಯಲ್ಲಿ ಮಾತು ನಡೆದಿದೆ. ಪರೀಕ್ಷೆಯ ಮೂವತ್ತು ದಿನವನ್ನು ಹತ್ತು ಮಾಡೋಣ ಎನ್ನುತ್ತಿದ್ದಾರೆ. ಕಂಬ ಗಟ್ಟಿಯಾದದ್ದು ನನ್ನ ದೈವ, ಪರೀಕ್ಷೆಯಲ್ಲ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ಬೇಸಿಗೆಯಲ್ಲಿ ಕೇಳಿದ್ದರೆ ಆ ಅನುಮಾನಕ್ಕೆ ಹದಿನಾರು ದಿನ ಸಾಕಿತ್ತು, ಒಂದು ಹಾರ ತಪ್ಪುತ್ತಿತ್ತು, ಜನ ಉಸುಕಿನಲ್ಲಿ ನಡೆದು ದಾಟುತ್ತಿದ್ದರು. ಆಗ ಕೇಳದೆ ಅದನ್ನು ಮಳೆಗಾಲಕ್ಕೆ ತಳ್ಳಿದೆ. ಮಳೆಗಾಲದಲ್ಲಿ ಅದು ಏಳು ಮಂದಿಯನ್ನು ಕೇಳಿತು. ಅನುಮಾನ ಎಲ್ಲಿಗೂ ಹೋಗುವುದಿಲ್ಲ ತಂದೆ, ನೀವು ಹಲಗೆಯಿಂದ ಅಳಿಸಿದರೆ ಬೇರೆಯವರ ಮನೆಗೆ ಹೋಗಿ ಕೂಡುತ್ತದೆ. ನೀಲವ್ವನ ಭಟ್ಟಿ ಆರಿದೆ. ಪರೀಕ್ಷೆ ತಪ್ಪಿಸಿದ ಬೂದಿ ಎಂಬ ಹೆಸರು ಬಿದ್ದು ಯಾರೂ ಕೊಳ್ಳಲಿಲ್ಲ. ಇಷ್ಟು ಒಳ್ಳೆಯ ಬೂದಿ ಇನ್ನು ಯಾರು ಸುಡುತ್ತಾರೋ ಗೊತ್ತಿಲ್ಲ.

ಮೊನ್ನೆ ಲಾಳೇಸಾಬನ ಹೆಂಡತಿ ಖಾಸಿಂಬಿ ಬಂದಿದ್ದಳು. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ, ಹೊಸ್ತಿಲ ಹೊರಗೇ ನಿಂತು ಒಂದೇ ಮಾತು ಕೇಳಿದಳು, ಕಂಬ ಗಟ್ಟಿ ಇತ್ತಂತಲ್ರೀ, ಖರೇನೇನ್ರೀ? ಖರೇ ಎಂದೆ. "ಹಂಗಾರ ನಮ್ಮ ಮನಿಯವರು ಛಲೋ ಕಟ್ಟಿದ್ರು" ಎಂದು ಸೆರಗು ಹೊದ್ದು ಹೋದಳು. ಅವಳು ಹೋದ ಮೇಲೆ ನಾನು ಅತ್ತೆ.

ಇನ್ನು ನಿಮ್ಮ ಕೆಲಸದ ಮಾತು. ನೀವು ಕೆಡವುವ ಹೊತ್ತಿಗೆ ಸೇತುವೆಯ ಮೈ ಮುದಿಯಾಗಿರುತ್ತದೆ. ಎಡದಂಡೆಯ ತುದಿಯಿಂದ ಶುರು ಮಾಡಿ, ಹನ್ನೊಂದು ಮತ್ತು ಹತ್ತು ಬೇಗ ಬೀಳುತ್ತವೆ. ಮೂರನೆಯದರ ಬುಡದಲ್ಲಿ ಒಂದು ಹಳೆಯ ಬಂಡೆ ಸೇರಿಕೊಂಡಿದೆ, ಅಲ್ಲಿ ಹುಷಾರು. ಕೆಲಸಕ್ಕೆ ಬಂದವರಲ್ಲಿ ಯಾರಾದರೂ ಆತು ಅಂದರೆ ಬೈಯಬೇಡಿ, ಕುಳಿತು ಮೂರೂ ಕೇಳಿ. ಹೊಳೆ ಒಣಗಿದಾಗಲೇ ಕೈ ಹಚ್ಚಿ, ಆಚೆ ಹೋಗುವವರಿಗೆ ಮೊದಲು ಒಂದು ಒಳ್ಳೆಯ ನಾವೆ ಕಟ್ಟಿಕೊಡಿ. ನಿಮ್ಮ ದಿನಗಾರ್ತಿ ಎಲ್ಲ ಕಂಬಕ್ಕೂ ಒಂದೇ ಅಳತೆಯಲ್ಲಿ ದಿನ ಹಾಕಿದ್ದರೆ ಇದನ್ನು ತೋರಿಸಿ, ಏಳನೆಯದಕ್ಕೆ ಇಪ್ಪತ್ತು ದಿನ ಹೆಚ್ಚು ಬರೆದುಕೊಳ್ಳಲಿ. ಅದು ಸುಲಭಕ್ಕೆ ಬೀಳುವುದಿಲ್ಲ. ಬಹಳ ಗಟ್ಟಿ ಇದೆ.

ಭೌರಮ್ಮ ಮುದನೂರ